ಎಂಟನೇ ತರಗತಿಯ ಖಾಲಿ ಸೀಟು

2008ರ ಏಪ್ರಿಲ್ ಕೊನೆಗೆ ನನಗೆ ಬ್ಯಾಂಕಿನಲ್ಲಿ ಬಡ್ತಿ ಬಂತು, ಜೊತೆಗೇ ಧಾರವಾಡದಿಂದ ಬೆಂಗಳೂರಿಗೆ ವರ್ಗ. ಮಗಳು ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ ಮುಗಿಸಿ ರಜೆಯಲ್ಲಿದ್ದಳು. ನನ್ನವರು ಕಾಲೇಜಿನಲ್ಲಿ ಪಾಠ ಹೇಳುವವರು, ಅವರ ಕೆಲಸ ಧಾರವಾಡ ಬಿಟ್ಟು ಬರುವಂಥದ್ದಲ್ಲ. ಮಕ್ಕಳ ಶಾಲೆಗಾಗಿ ಬಡ್ತಿ ಬೇಡವೆಂದು ಬರೆದುಕೊಡುವ ಹೆಂಗಸರು ಆಗ ನಮ್ಮ ಬ್ಯಾಂಕಿನಲ್ಲಿ ಬಹಳ ಇದ್ದರು. ನಾನೂ ಬರೆದುಕೊಡುತ್ತೇನೆಂದೇ ಎಲ್ಲರೂ ಎಣಿಸಿದ್ದರು. ಮನೆಯಲ್ಲಿ ಎರಡು ರಾತ್ರಿ ಮಾತಾಡಿ, ನಾನು, ಮಗಳು, ಅತ್ತೆ ಬೆಂಗಳೂರಿಗೆ ಹೋಗುವುದು, ಅವರು ಶನಿವಾರ ರಾತ್ರಿಯ ರೈಲು ಹಿಡಿದು ಬಂದು ಭಾನುವಾರ ರಾತ್ರಿ ಮರಳುವುದು ಎಂದಾಯಿತು. ಉಳಿದದ್ದು ಶಾಲೆಯ ವಿಚಾರ.

ಶಾಲೆ ಹುಡುಕುವುದು ಎಂಬ ಕೆಲಸ ನನಗೆ ಗೊತ್ತೇ ಇರಲಿಲ್ಲ. ಧಾರವಾಡದಲ್ಲಿ ಅಕ್ಕ ಹೋದ ಶಾಲೆಗೆ ತಂಗಿ, ತಂಗಿ ಹೋದ ಶಾಲೆಗೆ ಅವಳ ಮಗಳು ಹೋಗುತ್ತಾರೆ. ಹೆಡ್‌ಮಾಸ್ತರರು ಅಪ್ಪನ ಹೆಸರು ಕೇಳಿ, "ಓ, ಅವರ ಮನಿಯಾಕೀನs" ಎಂದು ಫಾರ್ಮು ತುಂಬುತ್ತಾರೆ. ಬೆಂಗಳೂರಿನಲ್ಲಿ ನಮ್ಮ ಅಪ್ಪ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಹೆಸರಾಂತ ಶಾಲೆಗಳ ಬಾಗಿಲು ತೆರೆಯುವುದು ಎಲ್‌ಕೆಜಿ ಹೊತ್ತಿಗೆ. ಒಮ್ಮೆ ಒಳಗೆ ಹೋದ ಮಗು ಹತ್ತನೇ ತರಗತಿ ಮುಗಿಸಿಯೇ ಹೊರಬರುತ್ತದೆ. ನಡುವೆ ಒಂದೆರಡು ಸೀಟು ಬಿಟ್ಟರೂ ಡಿಸೆಂಬರ್ ಜನವರಿಯೊಳಗೆ ತುಂಬಿ ಮುಗಿದಿರುತ್ತದೆ. ನಾವು ಕೇಳಿಕೊಂಡು ಹೋದದ್ದು ಮೇ ತಿಂಗಳಲ್ಲಿ.

ಮನೆ ಮೊದಲೋ ಶಾಲೆ ಮೊದಲೋ ಎಂಬ ಗೊಂದಲ ಬೇರೆ. ಮನೆ ಮಾಲೀಕರು ಹತ್ತು ತಿಂಗಳ ಬಾಡಿಗೆ ಮುಂಗಡ ಕೇಳುವ ಊರಿನಲ್ಲಿ ಒಮ್ಮೆ ಮನೆ ಹಿಡಿದರೆ ಮತ್ತೆ ಅಲುಗಾಡುವಂತಿಲ್ಲ. ನಾನು ಶಾಲೆಯೇ ಮೊದಲು ಎಂದು ಹಟ ಹಿಡಿದೆ. ನನ್ನ ಶಾಖೆ ಚಾಮರಾಜಪೇಟೆಯಲ್ಲಿತ್ತು. ಸಂಜೆ ಕ್ಯಾಷ್ ಮುಗಿಸಿ, ಲೆಕ್ಕ ತಾಳೆಯಾಗಿ ನಾನು ಮನೆ ಸೇರುವ ಹೊತ್ತಿಗೆ ಏಳು ದಾಟುತ್ತದೆ. ಮಗಳ ಶಾಲೆ ನಾಲ್ಕಕ್ಕೆ ಬಿಡುತ್ತದೆ. ನಡುವಿನ ಮೂರು ಗಂಟೆಯನ್ನು ಹದಿಮೂರರ ಹುಡುಗಿ ಎಲ್ಲಿ, ಯಾರ ಜೊತೆ ಕಳೆಯುತ್ತಾಳೆ ಎಂಬುದು ಪಠ್ಯಕ್ರಮಕ್ಕಿಂತ ದೊಡ್ಡ ಪ್ರಶ್ನೆಯಾಗಿ ನನಗೆ ಕಾಣುತ್ತಿತ್ತು. ಅತ್ತೆಗೆ ಮಂಡಿನೋವು, ಮೊಮ್ಮಗಳನ್ನು ಕರೆತರಲು ಅವರು ಬಸ್ಸು ಹತ್ತುವಂತಿರಲಿಲ್ಲ.

ಶಾಖೆಯಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರೊಬ್ಬರು ಮೊದಲ ವಾರವೇ ಒಂದು ಮಾತು ಹೇಳಿದರು. "ಎಂಟನೇ ಕ್ಲಾಸಿಗೆ ಸೀಟಿದೆ ಅಂತ ಯಾರಾದ್ರೂ ಅಂದ್ರೆ, ಯಾಕಿದೆ ಅಂತ ಕೇಳಮ್ಮ." ಮೊದಲಿಗೆ ಅರ್ಥವಾಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ಅಪ್ಪನಿಗೆ ವರ್ಗವಾಗಿ ಮಗು ಬಿಟ್ಟುಹೋದ ಸೀಟು ಒಂದು ಬಗೆ. ಇನ್ನೊಂದು ಬಗೆ ಬೇರೆ. ಹತ್ತನೇ ತರಗತಿಯ ಫಲಿತಾಂಶ ನೂರಕ್ಕೆ ನೂರು ಎಂದು ಗೇಟಿನ ಮೇಲೆ ಬ್ಯಾನರ್ ಕಟ್ಟಬೇಕೆಂದಿರುವ ಶಾಲೆಗಳಲ್ಲಿ ಕೆಲವು, ಏಳರಲ್ಲೋ ಎಂಟರಲ್ಲೋ ಹಿಂದೆ ಬಿದ್ದ ಮಕ್ಕಳ ತಂದೆತಾಯಿಯನ್ನು ಕರೆಸಿ, ನಿಮ್ಮ ಮಗುವಿಗೆ ಇದು ಭಾರವಾಗುತ್ತದೆ, ಟಿ.ಸಿ. ತೆಗೆದುಕೊಂಡರೆ ಒಳ್ಳೆಯದು ಎನ್ನುತ್ತವೆ. ಆ ಮಗು ಎದ್ದ ಜಾಗವೇ ನಮಗೆ ತೋರಿಸುವ ಸೀಟು. ಈ ಮಾತು ಕೇಳಿದ ಮೇಲೆ ಯಾವ ಶಾಲೆಗೆ ಹೋದರೂ ಖಾಲಿ ಬೆಂಚಿನಲ್ಲಿ ಹಿಂದಿನ ವರ್ಷ ಕೂತಿದ್ದ ಮಗುವಿನ ಯೋಚನೆ ಬರುತ್ತಿತ್ತು. ನನ್ನ ಮಗಳು ಒಂದು ವರ್ಷ ಕಷ್ಟಪಟ್ಟರೆ ಇವರು ಅವಳನ್ನೂ ಹೀಗೇ ಕರೆದು ಹೇಳುತ್ತಾರಲ್ಲವೇ? ಅವಳು ಕಷ್ಟಪಡುವುದಂತೂ ಖಂಡಿತವಿತ್ತು. ಕನ್ನಡ ಮಾಧ್ಯಮದಿಂದ ಇಂಗ್ಲಿಷಿಗೆ ಬರುವವಳು ಅವಳು.

ಕನಕಪುರ ರಸ್ತೆಯಾಚೆ ಒಂದು ಹೊಸ ದೊಡ್ಡ ಶಾಲೆಯಲ್ಲಿ ಸೀಟು ಇತ್ತು. ಅಲ್ಲಿ ನಮ್ಮ ಜೊತೆ ಮಾತಾಡಿದವರು ಶಿಕ್ಷಕರಲ್ಲ, ಪ್ರವೇಶ ವಿಭಾಗದವರು. ಈಜುಕೊಳ ತೋರಿಸಿದರು, ಕಂಪ್ಯೂಟರ್ ಕೋಣೆ ತೋರಿಸಿದರು, ಬಸ್ಸುಗಳ ಸಾಲು ತೋರಿಸಿದರು. ಬಸವನಗುಡಿ ಕಡೆಯಿಂದ ಬೆಳಗ್ಗೆ ಆರೂಮುಕ್ಕಾಲಿಗೆ ಬಸ್ಸು ಹೊರಡುತ್ತದೆ ಎಂದರು. ಮಗಳನ್ನು ಒಂದು ಕೋಣೆಗೆ ಕರೆದೊಯ್ದು ಇಂಗ್ಲಿಷಿನಲ್ಲಿ ಗಣಿತ, ವಿಜ್ಞಾನದ ಪ್ರಶ್ನೆಪತ್ರಿಕೆ ಕೊಟ್ಟರು. ಗಣಿತವನ್ನು ಅಂಕಿಗಳಿಂದಲೇ ಊಹಿಸಿ ಬರೆದಿದ್ದಳು, ವಿಜ್ಞಾನದ ಹಾಳೆ ಹೆಚ್ಚುಕಡಿಮೆ ಖಾಲಿ. ಅರ್ಧ ಗಂಟೆಯ ನಂತರ ನಮ್ಮನ್ನು ಕರೆದು, ಮತ್ತೆ ಏಳನೇ ತರಗತಿಗೆ ಸೇರಿಸುವುದಾದರೆ ತೆಗೆದುಕೊಳ್ಳುತ್ತೇವೆ ಎಂದರು. ಮಗಳು ಪಕ್ಕದಲ್ಲೇ ನಿಂತಿದ್ದಳು. ಏಳನೇ ತರಗತಿಯಲ್ಲಿ ತರಗತಿಗೇ ಮೊದಲಿಗಳಾಗಿದ್ದವಳು. ಅವಳ ಮುಖ ನೋಡಿ ನಾನು ಫಾರ್ಮನ್ನು ಮೇಜಿನ ಮೇಲೇ ಬಿಟ್ಟು ಎದ್ದೆ. ಮಗುವಿಗೆ ಏನು ಗೊತ್ತು ಎಂದು ತಿಳಿಯುವ ಮನಸ್ಸಿದ್ದರೆ ಅವಳಿಗೆ ಗೊತ್ತಿರುವ ಭಾಷೆಯಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳುತ್ತಿದ್ದರು ಎಂದು ಇವತ್ತಿಗೂ ನನಗೆ ಸಿಟ್ಟಿದೆ.

ಮುಂದೆ ಶಿಕ್ಷಣ ಹಕ್ಕು ಕಾಯ್ದೆ ಬಂತು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಎಂಟನೇ ತರಗತಿಯವರೆಗೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸಿ ಸೇರಿಸಿಕೊಳ್ಳುವಂತಿಲ್ಲ, ಕ್ಯಾಪಿಟೇಷನ್ ಕೇಳುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಕ್ಯಾಪಿಟೇಷನ್ ವಿರುದ್ಧ ಕರ್ನಾಟಕದಲ್ಲಿ 1984ರಿಂದಲೇ ಕಾನೂನಿತ್ತು. ಆದರೂ ಜಯನಗರದ ಕಡೆಯ ಒಂದು ಶಾಲೆಯಲ್ಲಿ ಕಟ್ಟಡ ನಿಧಿಗೆಂದು ರಸೀದಿಯಿಲ್ಲದ ದುಡ್ಡು ಕೇಳಿದರು. ಬ್ಯಾಂಕಿನವಳಾದ ನನಗೆ ರಸೀದಿಯಿಲ್ಲದ ದುಡ್ಡು ಎಂದರೇ ಆಗದು. ಆ ಶಾಲೆಯ ಮಾತು ಅಲ್ಲಿಗೇ ಮುಗಿಯಿತು.

ಮಗಳಿಗೆ ಒಂದೇ ಒಂದು ಬೇಡಿಕೆಯಿತ್ತು, ಖೋಖೋ. ಧಾರವಾಡದ ಶಾಲೆಯ ತಂಡದಲ್ಲಿ ಓಡುತ್ತಿದ್ದಳು. ಖೋಖೋ ಅಂಕಣಕ್ಕೆ ಬೇಕಾದದ್ದು 27 ಮೀಟರ್ ಉದ್ದ, 16 ಮೀಟರ್ ಅಗಲದ ನೆಲ, ಎರಡು ಕಂಬ. ಅಷ್ಟು ನೆಲ ಇಲ್ಲದ ಹೈಸ್ಕೂಲುಗಳು ಎಷ್ಟೊಂದಿವೆ ಎಂದು ಬೆಂಗಳೂರಿನಲ್ಲಿ ನೋಡಿದೆ. ಮನೆ ಕಟ್ಟುವ ಸೈಟಿನಲ್ಲಿ ನಾಲ್ಕು ಮಹಡಿ ಎಬ್ಬಿಸಿ, ತಾರಸಿಯ ಮೇಲೆ ಬ್ಯಾಸ್ಕೆಟ್‌ಬಾಲ್ ಬಳೆ ತೂಗುಹಾಕಿ, ಅದನ್ನೇ ಮೈದಾನವೆಂದು ತೋರಿಸಿದರು. ಬೆಳೆಯುವ ವಯಸ್ಸಿನ ಮಕ್ಕಳನ್ನು ಮಣ್ಣು ಮುಟ್ಟದಂತೆ ಮೂರು ವರ್ಷ ಇಡುವುದು ಅನ್ಯಾಯ. ನನ್ನ ಚೀಟಿಯಲ್ಲಿ ಫೀಸಿಗಿಂತ ಮೊದಲು ಮೈದಾನ ಎಂದು ಬರೆದುಕೊಂಡೆ.

ಒಂದು ಐಸಿಎಸ್‌ಇ ಶಾಲೆಯ ಪ್ರಿನ್ಸಿಪಾಲರನ್ನು ಮಾತ್ರ ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಸೀಟು ಇತ್ತು, ಕೊಡಬಹುದಿತ್ತು. ಅವರು ಮಗಳ ನೋಟ್‌ಬುಕ್ಕುಗಳನ್ನು ನಿಧಾನವಾಗಿ ತಿರುವಿ ಹೇಳಿದರು: ನಮ್ಮಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಆರನೇ ತರಗತಿಯಿಂದಲೇ ಬೇರೆ ಬೇರೆ ನಡೆಯುತ್ತವೆ, ಒಂಬತ್ತರಲ್ಲಿ ಬೋರ್ಡಿಗೆ ಹೆಸರು ನೋಂದಾಯಿಸಬೇಕು, ಭಾಷೆ, ವಿಷಯ ಎರಡನ್ನೂ ಒಟ್ಟಿಗೆ ಹಿಡಿಯಲು ಇವಳ ಕೈಯಲ್ಲಿರುವುದು ಒಂದೇ ವರ್ಷ. ಹುಡುಗಿ ಜಾಣೆ, ಹಿಡಿಯಬಹುದು, ಆದರೆ ಆ ವರ್ಷ ಬೇರೆ ಯಾವುದಕ್ಕೂ ಬಿಡುವಿರುವುದಿಲ್ಲ. ರಾಜ್ಯ ಪಠ್ಯಕ್ರಮದ ಒಳ್ಳೆಯ ಹೈಸ್ಕೂಲು ನೋಡಿ ಎಂದರು. ತಮ್ಮ ಶಾಲೆಯ ಸೀಟನ್ನು ತಾವೇ ಬೇಡವೆಂದು ಹೇಳಿದ ಅವರ ಪ್ರಾಮಾಣಿಕತೆ ದೊಡ್ಡದು.

ನನ್ನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಸಿಬಿಎಸ್‌ಇಯಲ್ಲಿ ಎನ್‌ಸಿಇಆರ್‌ಟಿ ಪುಸ್ತಕ, ಮುಂದೆ ಪ್ರವೇಶ ಪರೀಕ್ಷೆಗಳಿಗೆ ಅದೇ ತಳಹದಿ ಎಂದು ಫೋನಿನಲ್ಲಿ ವಾದಿಸಿದರು. ಅವರ ವಾದದಲ್ಲಿ ಹುರುಳಿತ್ತು. ಆದರೆ ಹತ್ತರ ನಂತರ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಸೇರುವುದು ಪಿಯುಸಿಗೇ, ಬರೆಯುವುದು ಸಿಇಟಿಯನ್ನೇ. ಅಲ್ಲಿ ಮೂರು ಬೋರ್ಡಿನವರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಆಮೇಲಿನದಕ್ಕಾಗಿ ಈಗಿನ ಮೂರು ವರ್ಷವನ್ನು ಒತ್ತೆಯಿಡಲು ನನಗೆ ಮನಸ್ಸಿರಲಿಲ್ಲ.

ಆ ದಿನಗಳಲ್ಲಿ ಬಸವನಗುಡಿಯ ಬೀದಿಗಳಲ್ಲಿ ಓಡಾಡುವಾಗ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರ ನೆನಪಾಗುತ್ತಿತ್ತು. ಅವರು ತೀರಿಕೊಂಡು ಮೂರು ವರ್ಷವಾಗಿತ್ತಷ್ಟೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ, 1935ರಲ್ಲಿ, ಬಸ್ಸಿಗೆ ದುಡ್ಡಿಲ್ಲದೆ ಸುಮಾರು 85 ಕಿಲೋಮೀಟರ್ ನಡೆದು ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ್ದರು. ಊರಿನಲ್ಲಿ ಕಲಿಸಿದ್ದ ಹೆಡ್‌ಮಾಸ್ಟರು ಬೆಂಗಳೂರಿನಲ್ಲಿದ್ದಾರೆ ಎಂಬುದೇ ಆ ನಡಿಗೆಗಿದ್ದ ಧೈರ್ಯ. 1917ರಲ್ಲಿ ಹುಟ್ಟಿದ ಆ ಶಾಲೆಯ ಹಾಗೆ ಈ ಭಾಗದಲ್ಲಿ, ಮಲ್ಲೇಶ್ವರದಲ್ಲಿ, ಚಾಮರಾಜಪೇಟೆಯಲ್ಲಿ ಸಾರ್ವಜನಿಕರ ದುಡ್ಡಿನಿಂದ, ಟ್ರಸ್ಟುಗಳಿಂದ ಕಟ್ಟಿದ ಹೈಸ್ಕೂಲುಗಳು ಇನ್ನೂ ಇವೆ. ಖಾಸಗಿ ಶಾಲೆ ಎಂದರೆ ಈಜುಕೊಳದ ಶಾಲೆ ಮಾತ್ರವಲ್ಲ, ಇವೂ ಖಾಸಗಿಯೇ. ಇವುಗಳಲ್ಲಿ ಹಲವಕ್ಕೆ ಸರ್ಕಾರದ ಅನುದಾನವಿದೆ, ಶಿಕ್ಷಕರ ಸಂಬಳ ಸರ್ಕಾರದ್ದು, ಆಡಳಿತ ಸಂಸ್ಥೆಯದ್ದು. ನನ್ನ ಕಣ್ಣು ಆ ಕಡೆ ತಿರುಗಿದ್ದು ತಡವಾಗಿ, ಯಾಕೆಂದರೆ ನಾನು ಕೇಳಿದವರಲ್ಲಿ ಯಾರೂ ಅವುಗಳ ಹೆಸರು ಹೇಳಿರಲಿಲ್ಲ.

ಅಂಥ ಒಂದು ಹಳೆಯ ಹೈಸ್ಕೂಲಿಗೆ ಹೋದಾಗ ಹೆಡ್‌ಮಿಸ್ಟ್ರೆಸ್ಸರಿಗೆ ನನ್ನ ಅಭ್ಯಾಸದ ಪ್ರಶ್ನೆ ಹಾಕಿದೆ: ಎಂಟಕ್ಕೆ ಸೀಟು ಯಾಕಿದೆ? ಅವರು ಸ್ವಲ್ಪ ಆಶ್ಚರ್ಯದಿಂದ, "ನಮ್ಮದು ಶುರುವಾಗೋದೇ ಎಂಟರಿಂದ" ಎಂದರು. ಅದು ಎಂಟು, ಒಂಬತ್ತು, ಹತ್ತು ಮಾತ್ರ ಇರುವ ಹೈಸ್ಕೂಲು. ಒಂದೇ ಆವರಣದಲ್ಲಿ ಅನುದಾನದ ಕನ್ನಡ ಮಾಧ್ಯಮ, ಅನುದಾನವಿಲ್ಲದ ಇಂಗ್ಲಿಷ್ ಮಾಧ್ಯಮ. ಜೂನ್ ಮೊದಲ ದಿನ ಎಂಟನೇ ತರಗತಿಯಲ್ಲಿ ಕೂರುವ ಪ್ರತಿಯೊಂದು ಮಗುವೂ ಹೊಸದು. ಯಾರೂ ಯಾರ ಬೆಂಚಿನಿಂದಲೂ ಎದ್ದುಹೋಗಿಲ್ಲ.

ನನಗೆ ಬೇಕಾದದ್ದು ಇದೇ ಎಂದು ಆ ಕ್ಷಣ ಗೊತ್ತಾಯಿತು. ಎಲ್‌ಕೆಜಿಯಿಂದ ಒಟ್ಟಿಗೆ ಬೆಳೆದ ತರಗತಿಗೆ ಎಂಟರಲ್ಲಿ ಕಾಲಿಡುವ ಮಗು, ಮದುವೆ ಮನೆಗೆ ಮೂರನೇ ದಿನ ಬಂದ ನೆಂಟರ ಹಾಗೆ. ಊಟ ಸಿಗುತ್ತದೆ, ಪಂಕ್ತಿಯಲ್ಲಿ ಜೊತೆಗಾರರು ಸಿಗುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರ ಮಗ ಅದೇ ವರ್ಷ ಹಾಸನದಿಂದ ಬಂದು ಅಂಥ ಶಾಲೆ ಸೇರಿದ. ಆ ಶಾಲೆ ನಿಜಕ್ಕೂ ಒಳ್ಳೆಯದೇ. ಗ್ರಂಥಾಲಯ ನೋಡಿ ನಾನೇ ಆಸೆಪಟ್ಟಿದ್ದೆ. ಹುಡುಗ ಮುಂದೆ ಚೆನ್ನಾಗಿಯೇ ಓದಿದ. ಆದರೆ ಒಂಬತ್ತನೇ ತರಗತಿ ಅರ್ಧ ಕಳೆಯುವವರೆಗೆ ಊಟದ ಡಬ್ಬಿಯನ್ನು ಒಬ್ಬನೇ ಬಿಚ್ಚುತ್ತಿದ್ದನಂತೆ. ಅವನ ತಾಯಿ ಇದನ್ನು ನನಗೆ ಬ್ಯಾಂಕಿನ ಕ್ಯಾಂಟೀನಿನಲ್ಲಿ ಹೇಳುವಾಗ ಊಟ ಬಿಟ್ಟು ಕೂತಿದ್ದರು.

ಹೆಡ್‌ಮಿಸ್ಟ್ರೆಸ್ ಗಣಿತದ ಮೇಷ್ಟ್ರನ್ನು ಕರೆಸಿದರು. ಅವರು ಮಗಳ ನೋಟ್‌ಬುಕ್ ತೆರೆದು, ಲ.ಸಾ.ಅ. ಲೆಕ್ಕವೊಂದನ್ನು ತೋರಿಸಿ, "ಇದನ್ನ ಬೇರೆ ದಾರೀಲಿ ಮಾಡೋಕೆ ಬರುತ್ತಾ?" ಎಂದು ಕೇಳಿದರು. ಅವಳು ನಿಂತಲ್ಲೇ ಮಾಡಿ ತೋರಿಸಿದಳು. "ಇಲ್ಲಿ ಇದನ್ನ ಎಲ್‌ಸಿಎಂ ಅಂತಾರೆ, ಅಷ್ಟೇ ವ್ಯತ್ಯಾಸ" ಎಂದು ಪುಸ್ತಕ ಮುಚ್ಚಿದರು. ಜೂನ್‌ನಲ್ಲಿ ಹೇಗೂ ಸೇತುಬಂಧ ಇರುತ್ತದೆ, ಹಿಂದಿನ ತರಗತಿಯ ಪಾಠಗಳನ್ನೆಲ್ಲ ಮತ್ತೊಮ್ಮೆ ತಿರುವಿಹಾಕುತ್ತೇವೆ, ಕನ್ನಡ ಮಾಧ್ಯಮದಿಂದ ಬಂದವರು ಅರ್ಧ ತರಗತಿ ಇರುತ್ತಾರೆ, ಪಾಠ ಎರಡೂ ಭಾಷೆಯಲ್ಲಿ ನಡೆಯುತ್ತದೆ ಎಂದರು. ಕನ್ನಡ ಮಾಧ್ಯಮದಲ್ಲೇ ಮುಂದುವರಿಸುವುದೇ ಎಂಬ ಪ್ರಶ್ನೆಯನ್ನು ನಾವು ಮನೆಯಲ್ಲಿ ಚರ್ಚಿಸಿದ್ದೆವು. ಪಿಯುಸಿ ವಿಜ್ಞಾನದಲ್ಲಿ ಇಂಗ್ಲಿಷಿಗೆ ಒಮ್ಮೆಲೇ ಬೀಳುವುದಕ್ಕಿಂತ ಈಗ ಮೂರು ವರ್ಷ ಸಮಯವಿರುವಾಗಲೇ ದಾಟುವುದು ಒಳ್ಳೆಯದು ಎಂದು ಮಗಳೇ ಹೇಳಿದ್ದಳು. ಫೀಸು ನನ್ನ ಒಂದು ತಿಂಗಳ ಸಂಬಳದೊಳಗಿತ್ತು. ಹಿಂದೆ ಕೆಂಪು ಮಣ್ಣಿನ ಮೈದಾನ, ಎರಡು ಕಂಬ. ಹನುಮಂತನಗರದಲ್ಲಿ ನಡಿಗೆಯ ದೂರದಲ್ಲೇ ಬಾಡಿಗೆ ಮನೆ ಹಿಡಿದೆವು.

ಪ್ರಥಮ ಭಾಷೆಯ ವಿಷಯದಲ್ಲಿ ಮತ್ತೊಂದು ಸುತ್ತು ಮಾತಾಯಿತು. ಎಸ್‌ಎಸ್‌ಎಲ್‌ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125. ಅಂಕ ಹೆಚ್ಚು ಬರುತ್ತದೆಂದು ಬೆಂಗಳೂರಿನಲ್ಲಿ ಬಹಳ ಮಂದಿ ಮಕ್ಕಳಿಗೆ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಕೊಡಿಸುತ್ತಾರೆ. ಮೊದಲ ಪೋಷಕರ ಸಭೆಯಲ್ಲಿ ಪಕ್ಕ ಕೂತ ತಾಯಂದಿರು ನನಗೂ ಅದನ್ನೇ ಹೇಳಿದರು. ಸಂಸ್ಕೃತದ ಮೇಲೆ ನನಗೆ ಗೌರವವಿದೆ, ಮನೆಯಲ್ಲಿ ಅತ್ತೆ ದಿನಾ ಓದುತ್ತಿದ್ದರು. ಆದರೆ ನಾನು ಧಾರವಾಡದವಳು. 1982ರಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಗೋಕಾಕ್ ಚಳವಳಿಯ ಮೆರವಣಿಗೆಗಳು ನಮ್ಮ ಬೀದಿಯಲ್ಲೇ ಹೋಗುತ್ತಿದ್ದವು. ವಿ.ಕೃ. ಗೋಕಾಕರ ಸಮಿತಿ 1981ರ ಜನವರಿಯಲ್ಲಿ ಕೊಟ್ಟ ವರದಿಯ ತಿರುಳೇ ಹೈಸ್ಕೂಲಿನಲ್ಲಿ ಪ್ರಥಮ ಭಾಷೆ ಯಾವುದಾಗಬೇಕು ಎಂಬುದು. ಇಪ್ಪತ್ತಾರು ವರ್ಷದ ನಂತರ ಅದೇ ಪ್ರಶ್ನೆ ಒಂದು ಅರ್ಜಿ ಫಾರ್ಮಿನ ಚೌಕವಾಗಿ ನನ್ನ ಮುಂದೆ ಬಂದಿತ್ತು. ನಾನು ಕನ್ನಡಕ್ಕೆ ಗುರುತು ಹಾಕಿದ್ದಕ್ಕೆ ಚಳವಳಿಯ ನೆನಪು ಒಂದು ಕಾರಣ. ಇನ್ನೊಂದು ಕಾರಣ ಮಗಳದ್ದೇ. ಉಳಿದೆಲ್ಲ ವಿಷಯಗಳಲ್ಲಿ ತಡವರಿಸಲಿದ್ದ ಹುಡುಗಿಗೆ ದಿನಕ್ಕೊಂದು ಪೀರಿಯಡ್ಡಾದರೂ ತಲೆಯೆತ್ತಿ ಮಾತಾಡುವಂಥದ್ದು ಬೇಕಿತ್ತು.

ತಡವರಿಸಿದಳು ನಿಜ. ಮೊದಲ ಕಿರುಪರೀಕ್ಷೆಯಲ್ಲಿ ವಿಜ್ಞಾನದ ಅಂಕ ನೋಡಿ ಅತ್ತಳು. ಉತ್ತರಪತ್ರಿಕೆಯಲ್ಲಿ ಇಂಗ್ಲಿಷ್ ವಾಕ್ಯಗಳ ನಡುವೆ ಕನ್ನಡದ ಪಾರಿಭಾಷಿಕಗಳನ್ನೇ ಬರೆದಿದ್ದಳು. ಟೀಚರು ಅವನ್ನು ಹೊಡೆದುಹಾಕಿರಲಿಲ್ಲ. ಪ್ರತಿಯೊಂದರ ಪಕ್ಕದಲ್ಲೂ ಇಂಗ್ಲಿಷಿನದನ್ನು ಕೆಂಪಿನಲ್ಲಿ ಬರೆದು, ವಿಚಾರ ಸರಿಯಿದ್ದ ಕಡೆ ಅಂಕ ಕೊಟ್ಟಿದ್ದರು. ಅವಳ ಧಾರವಾಡದ ಮಾತಿಗೆ ತರಗತಿ ನಕ್ಕದ್ದೂ ಉಂಟು. ಆದರೆ ಅಲ್ಲಿ ಕೋಲಾರದ ಕಡೆಯ ಹುಡುಗಿಯ ಮಾತಿಗೂ ನಕ್ಕರು, ಮನೆಯಲ್ಲಿ ತೆಲುಗು, ತಮಿಳು ಆಡುವ ಮಕ್ಕಳ ಕನ್ನಡಕ್ಕೂ ನಕ್ಕರು, ನಕ್ಕು ಮುಗಿಸಿದರು. ದಸರಾ ರಜೆಯ ಹೊತ್ತಿಗೆ ನಮ್ಮ ಮನೆಯಲ್ಲಿ ಸಂಜೆ ನಾಲ್ಕೂಕಾಲರಿಂದ ಹುಡುಗಿಯರ ಗುಂಪು ಕೂತಿರುತ್ತಿತ್ತು. ಅತ್ತೆ ಅವರಿಗೆಲ್ಲ ಚುರುಮುರಿ ಒಗ್ಗರಣೆ ಹಾಕಿ ಕೊಡುತ್ತಿದ್ದರು. ನನ್ನನ್ನು ಹೆದರಿಸಿದ್ದ ಆ ಮೂರು ಗಂಟೆಗಳು ಹೀಗೆ ತುಂಬಿದವು. ಖೋಖೋ ತಂಡದಲ್ಲಿ ಒಂಬತ್ತರಲ್ಲಿ ಜಾಗ ಸಿಕ್ಕಿತು. 2011ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದಳು. ನನ್ನವರು ಫಲಿತಾಂಶದ ದಿನ ಗಣಿತದ ಮೇಷ್ಟ್ರ ಮನೆಗೆ ಧಾರವಾಡ ಪೇಢೆ ತೆಗೆದುಕೊಂಡು ಹೋದರು, ಸಿಬಿಎಸ್‌ಇ ಮಾತು ಮತ್ತೆ ಎತ್ತಲಿಲ್ಲ.

ಆ ಹೈಸ್ಕೂಲು ಈಗಲೂ ಇದೆ. ಕನ್ನಡ ಮಾಧ್ಯಮದ ವಿಭಾಗ ಕುಗ್ಗಿದೆ. ಅನುದಾನದ ಹುದ್ದೆಯಲ್ಲಿದ್ದವರು ನಿವೃತ್ತರಾದರೆ ಆ ಜಾಗ ತುಂಬಲು ವರ್ಷಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಸಂಸ್ಥೆ ತನ್ನ ಕೈಯಿಂದ ಕಡಿಮೆ ಸಂಬಳಕ್ಕೆ ಯಾರನ್ನಾದರೂ ಇಟ್ಟುಕೊಳ್ಳುತ್ತದೆ, ಒಳ್ಳೆಯವರು ನಿಲ್ಲುವುದಿಲ್ಲ. ಊರು ಬಿಟ್ಟು ಬರುವ ಮಕ್ಕಳಿಗೆ ಈ ಊರಿನಲ್ಲಿ ಇಷ್ಟು ಚೆನ್ನಾಗಿ ಹೊಂದುವ ಶಾಲೆ ಬೇರೆ ಇಲ್ಲವೆಂದು ನನಗನ್ನಿಸುತ್ತದೆ. ಇಂಥವು ಒಂದೊಂದೇ ಬಾಗಿಲು ಹಾಕುವುದನ್ನು ಸುಮ್ಮನೆ ನೋಡುತ್ತಿದ್ದೇವೆ ಎಂಬ ಸಂಕಟ ನನ್ನದು.

ಈ ವರ್ಷ ವಿಜಯಪುರದಿಂದ ಬೆಂಗಳೂರಿಗೆ ವರ್ಗವಾದ ಕಿರಿಯ ಸಹೋದ್ಯೋಗಿಯೊಬ್ಬ ಫೋನು ಮಾಡಿದ್ದ, ಮಗ ಎಂಟಕ್ಕೆ. ಮೊದಲು ಸೀಟು ಯಾಕಿದೆ ಕೇಳು ಎಂದೆ. ಕಳೆದ ವರ್ಷ ಏಳರಲ್ಲಿದ್ದ ಎಷ್ಟು ಮಕ್ಕಳು ಎಂಟಕ್ಕೆ ಬಂದಿದ್ದಾರೆ, ಈ ವರ್ಷ ಹೊಸಬರು ಎಷ್ಟು ಎಂದು ಕೇಳು. ಗಣಿತ, ವಿಜ್ಞಾನ ಕಲಿಸುವವರ ಜೊತೆಗೇ ಮಾತಾಡಿಸಿ ಎಂದು ಹೇಳು. ಹುಡುಗರ ಶೌಚಾಲಯ ನೋಡು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಅರ್ಧ ಗಂಟೆ ನಿಲ್ಲು, ಮಕ್ಕಳು ಒಬ್ಬೊಬ್ಬರೇ ಬರುತ್ತಾರೋ ಗುಂಪಾಗಿ ಬರುತ್ತಾರೋ ನೋಡು. ಅವನು ಎಲ್ಲವನ್ನೂ ಬರೆದುಕೊಂಡ. ಹೋದ ವಾರ ಮತ್ತೆ ಫೋನು ಬಂತು. ರಾಜಾಜಿನಗರದಲ್ಲಿ ಒಂದು ಹೈಸ್ಕೂಲು ಮಗನಿಗೆ ಹಿಡಿಸಿದೆಯಂತೆ, ವಾಲಿಬಾಲ್ ಅಂಕಣ ನೋಡಿ ಅವನೇ ಇಲ್ಲೇ ಸಾಕು ಎಂದನಂತೆ. ಇನ್ನು ನಡಿಗೆಯ ದೂರದಲ್ಲಿ ಮನೆ ಸಿಗಬೇಕು. ಗೊತ್ತಿದ್ದವರನ್ನೆಲ್ಲ ನಾನೂ ಕೇಳುತ್ತಿದ್ದೇನೆ.